ದಂಡಿನ ಬಂಗಲೆಯ ಸೀಸದ ಪೈಪು

ಮಸ್ಕಿಯ ನಳದ ಶಾಮೀದಸಾಬನನ್ನು ಕೆಲಸಕ್ಕೆ ಕರೆಯಲು ಹೋಗುವವರು ಅವನ ಬೈಗುಳಕ್ಕೂ ಸಿದ್ಧರಾಗಿಯೇ ಹೋಗಬೇಕಾಗಿತ್ತು. ಕೆಲಸದಲ್ಲಿ ಅವನನ್ನು ಮೀರಿಸುವವರು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಇರಲಿಲ್ಲ. ಆದರೆ ಮನೆಯವರು ಮೊದಲೇ ಪೈಪು ಕೊಂಡು ತಂದಿಟ್ಟಿದ್ದರೆ ಅವನ ಮುಖ ಕೆಂಪಾಗುತ್ತಿತ್ತು. ಕೆಟ್ಟುಹೋದ ರೇಡಿಯೋದಿಂದ ಕಿತ್ತ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಮೊದಲು ಅದನ್ನು ಪೈಪಿಗೆ ಹಿಡಿಯುವನು. ಆಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟಿ ಕಿವಿಗೊಡುವನು. ಕೊನೆಗೆ ಪೈಪಿನ ಬಾಯಿಯೊಳಗೆ ಬೆರಳು ಹಾಕಿ ತಿರುವುವನು. ಬೆರಳಿಗೆ ಕೆಂಪು ಪುಡಿ ಮೆತ್ತಿದರೆ ಅಲ್ಲಿಗೆ ಮುಗಿಯಿತು.

"ಹೊರಗ ಬೆಳ್ಳಿ ಬಣ್ಣ ಹಚ್ಯಾನ, ಒಳಗ ಹಚ್ಚಾಕ ಅವನ ಕೈ ಹೋಗಿಲ್ಲ," ಎಂದು ಮನೆಯ ಯಜಮಾನನ ಮುಖಕ್ಕೇ ಬೆರಳು ಹಿಡಿಯುವನು. "ಇದು ಕರೇ ಪೈಪು. ಸತುವಿನ ಲೇಪ ಆಗಿದ್ರ ಒಳಗೂ ಇರತಿತ್ತು. ಎರಡು ವರ್ಷದಾಗ ನಿನ್ನ ನಳದಾಗ ಚಹಾ ಬರತೈತಿ, ಕುಡಿ."

ಹಳದಿ ಪಟ್ಟಿಯ ತೆಳು ಪೈಪಿಗೆ ನೀಲಿ ಬಣ್ಣ ಬಳಿದು ಮಧ್ಯಮ ದರ್ಜೆಯದೆಂದು ಮಾರುವ ಅಂಗಡಿಯವರೂ ಇದ್ದರು. ಕರೆಂಟಿನ ತಂತಿ ಎಳೆಯುವ ಕೊಳವೆಯನ್ನೇ ನೀರಿಗೆ ಕೊಟ್ಟವರೂ ಇದ್ದರು. ಅಂಥವರ ಅಂಗಡಿಯ ಮುಂದೆ ಸಂತೆಯ ದಿನವೇ ನಿಂತು ಶಾಮೀದಸಾಬ ಪೈಪನ್ನು ನೆಲಕ್ಕೆ ಎಸೆದದ್ದು ಉಂಟು. ಇಷ್ಟೆಲ್ಲ ಆದರೂ ಅವನನ್ನು ಜನ ಬಿಡುತ್ತಿರಲಿಲ್ಲ. ಅವನು ಕೂಡಿಸಿದ ನಳ ಸೋರಿದ್ದನ್ನು ಯಾರೂ ಕಂಡಿರಲಿಲ್ಲ.

ಅವನ ಮನೆತನದ ಕಸುಬು ನಳದ್ದಲ್ಲ, ಕಲಾಯಿಯದು. ತಂದೆ ಶಾವಲಿ, ತಿದಿ ಮತ್ತು ನವಸಾಗರದ ಗಂಟನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗಿ ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಮೈಗೆ ತವರದ ಲೇಪ ಹಾಕುತ್ತಿದ್ದವನು. ಪೇಟೆಯಿಂದ ತವರದ ಕಡ್ಡಿ ತಂದರೆ ಅದನ್ನು ಮಗನ ಕಿವಿಯ ಹತ್ತಿರ ಹಿಡಿದು ಬಗ್ಗಿಸುವನು. ಒಳಗಿನಿಂದ ಕಿರ್ರೆಂಬ ಸಣ್ಣ ಸದ್ದು ಬರುತ್ತಿತ್ತು.

"ಕೇಳಿದ್ಯಾ? ತವರ ಅಳತೈತಿ. ಸೀಸ ಅಳಂಗಿಲ್ಲ. ಅದು ಕುಡಿದವರನ್ನ ಅಳಸತೈತಿ."

ತವರಕ್ಕಿಂತ ಸೀಸ ಅಗ್ಗ. ಎರಡನ್ನೂ ಬೆರೆಸಿ ಕಲಾಯಿ ಹಾಕಿದರೆ ಅಂದಿನ ಹೊಳಪಿಗೆ ಏನೂ ಕೊರತೆಯಾಗುವುದಿಲ್ಲ. ಶಾವಲಿಯ ತಮ್ಮನೇ ಹಾಗೆ ಮಾಡುತ್ತಿದ್ದ. ಅದು ತಿಳಿದ ದಿನದಿಂದ ಶಾವಲಿ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ರಂಜಾನ್ ಹಬ್ಬದ ದಿನವೂ ಅಲ್ಲಿಯ ನೀರು ಕುಡಿಯಲಿಲ್ಲ. ಹಗಲೆಲ್ಲ ಸೀಸ ಕರಗಿಸಿ ಅದರ ಹೊಗೆಯನ್ನೇ ಉಂಡ ಆ ಚಿಕ್ಕಪ್ಪ ನಲವತ್ತಕ್ಕೇ ಕೈ ಜೋತುಬಿದ್ದು, ಹೊಟ್ಟೆ ಹಿಡಿದುಕೊಂಡು ಹೊರಳಿ ಹೊರಳಿ ಸತ್ತ. ಅವನ ವಸಡಿನ ಅಂಚಿಗೆ ಎಳೆದ ಹಾಗಿದ್ದ ನೀಲಿಗಪ್ಪು ಗೆರೆಯನ್ನು ಶಾಮೀದ ಹುಡುಗನಾಗಿದ್ದಾಗ ಕಣ್ಣಾರೆ ನೋಡಿದ್ದ.

ಮುಂದೆ ಮನೆಮನೆಗೂ ಸ್ಟೀಲಿನ ಪಾತ್ರೆ ಬಂದು ಕಲಾಯಿಯ ಒಲೆ ತಣ್ಣಗಾಯಿತು. ಶಾಮೀದಸಾಬ ಹಟ್ಟಿಯ ಚಿನ್ನದ ಗಣಿಯಲ್ಲಿ ಗುತ್ತಿಗೆದಾರನೊಬ್ಬನ ಕೈಕೆಳಗೆ ಮೂರು ವರ್ಷ ದುಡಿದು ಪೈಪಿನ ತುದಿಗೆ ತಿರುಪಿನ ಮರೆ ಕೊರೆಯುವುದನ್ನು ಕಲಿತ. ಎಂಬತ್ತೊಂದನೆಯ ಇಸವಿಯ ಹೊತ್ತಿಗೆ ಮಸ್ಕಿಗೆ ಹಿಂತಿರುಗಿ ಸ್ವಂತ ಕೆಲಸ ಹಿಡಿದ. ಕಾಲುವೆಯ ನೀರು ಹರಿದು ಬತ್ತ ಬೆಳೆದ ಊರುಗಳಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ ಅದು. ಬಾವಿಗೆ ಮೋಟರು, ಮಾಳಿಗೆಯ ಮೇಲೆ ಸಿಮೆಂಟಿನ ಟಾಕಿ, ಅಡುಗೆಮನೆಯಲ್ಲಿ ನಳ ಇವು ಮೂರೂ ಇದ್ದರೆ ಮಾತ್ರ ಅದು ಮನೆ ಎನಿಸಿಕೊಳ್ಳುತ್ತಿತ್ತು.

ಎಂಬತ್ತೆಂಟರಲ್ಲಿ ಜವಳಗೇರಾದ ದೊಡ್ಡಬಸಪ್ಪ ಅಂಥ ಮನೆಯೊಂದನ್ನು ಕಟ್ಟಿಸತೊಡಗಿದ. ನಲವತ್ತು ಎಕರೆ ನೀರಾವರಿಯ ಒಡೆಯ. ಮಾತಿನಲ್ಲಿ ಸೋಲುವುದು ಅವನಿಗೆ ಗೊತ್ತಿರಲಿಲ್ಲ. ಹೊಸ ಮನೆಗೆ ಹಳೆಯ ಬಂಗಲೆಯ ಮಾಲು ಹಾಕುವುದು ಆಗಿನ ಶ್ರೀಮಂತರ ಷೋಕಿ. ಎಲ್ಲಿಯಾದರೂ ನಿಜಾಮರ ಕಾಲದ ಕಟ್ಟಡ ಬಿದ್ದರೆ ಅದರ ಸಾಗವಾನಿ ಬಾಗಿಲು, ತೊಲೆ, ಕಂಬಗಳಿಗೆ ಹರಾಜಿನ ಸವಾಲಿನಲ್ಲಿ ಪೈಪೋಟಿ ನಡೆಯುತ್ತಿತ್ತು. ಲಿಂಗಸುಗೂರಿನಲ್ಲಿ ಹಿಂದೆ ಬಿಳಿಯರ ದಂಡು ಇದ್ದ ಕಡೆ ಪಾಳುಬಿದ್ದಿದ್ದ ಬಂಗಲೆಯೊಂದನ್ನು ಕೆಡವಿದಾಗ, ದೊಡ್ಡಬಸಪ್ಪ ಅದರ ಬಾಗಿಲುಗಳ ಜೊತೆಗೆ ಗೋಡೆಯಿಂದ ಕಿತ್ತ ಪೈಪುಗಳನ್ನೂ ಎರಡು ಟ್ರಾಕ್ಟರುಗಳಲ್ಲಿ ಹೇರಿಕೊಂಡು ಬಂದ.

ಆ ಮನೆಯ ನಳದ ಕೆಲಸ ಹಿಡಿದಿದ್ದ ಶಾಮೀದಸಾಬ ಆ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಅಯಸ್ಕಾಂತ ಹಿಡಿದ, ಅಂಟಲಿಲ್ಲ. ಸುತ್ತಿಗೆಯ ಹಿಡಿಯಿಂದ ತಟ್ಟಿದ. ಗಂಟೆಯ ದನಿಯಿಲ್ಲ, ಹಸಿ ಮಣ್ಣಿಗೆ ಹೊಡೆದಂತಾಯಿತು. ನಾಲ್ಕಾಣೆಯ ಅಂಚಿನಿಂದ ಕೆರೆದ. ಬೂದಿಬಣ್ಣ ಸರಿದು ಕೆಳಗೆ ಹೊಸ ಬೆಳ್ಳಿಯ ಹಾಗೆ ಫಳಫಳ ಹೊಳೆಯಿತು.

"ನೋಡಿದ್ಯಾ ಹೊಳಪು?" ಎಂದ ದೊಡ್ಡಬಸಪ್ಪ. "ದೊರಿಗಳ ಮಾಲು. ನೂರು ವರ್ಷ ಆದ್ರೂ ತುಕ್ಕಿಲ್ಲ."

"ತುಕ್ಕು ಹಿಡ್ಯಂಗಿಲ್ರಿ, ಇದು ಕಬ್ಬಿಣ ಅಲ್ಲ. ಸೀಸ. ಬಚ್ಚಲದ ಕೊಳಿ ನೀರು ಹೊರಗ ಬಿಡಾಕೂ ನಾ ಇದನ್ನ ಹಾಕಂಗಿಲ್ಲ. ಕುಡಿಯೋ ನೀರಿಗೆ ಬ್ಯಾಡ್ರಿ ಯಜಮಾನ್ರ."

"ಯಾಕ, ಅವರು ಕುಡೀಲಿಲ್ಲನು?"

"ಅವರು ಏನಾದ್ರೋ ನನಗೇನು ಗೊತ್ತು. ನಮ್ಮ ಚಿಕ್ಕಪ್ಪ ಏನಾದ ಅನ್ನೋದು ಗೊತ್ತೈತಿ. ಸೀಸ ಹೊಟ್ಟಿಗೆ ಹೋದ್ರ ಹೊರಗ ಬರಂಗಿಲ್ಲ. ಎಲುಬಿನಾಗ ಕುಂಡ್ರತೈತಿ."

ದೊಡ್ಡಬಸಪ್ಪ ಸುತ್ತಲಿದ್ದ ಗೌಂಡಿಗಳನ್ನು ನೋಡಿ ನಕ್ಕ. "ಕೇಳ್ರಪಾ. ಕಲಾಯಿ ಸಾಬನ ಮಗ ಡಾಕ್ಟರ್ ಆಗ್ಯಾನ." ಆಮೇಲೆ ಶಾಮೀದಸಾಬನ ಕಡೆ ತಿರುಗಿ, "ಸುತ್ತ ಯಾಕ ಹೇಳ್ತಿ, ನೀಟ ಹೇಳು. ಅಂಗಡ್ಯಾಗ ಹೊಸ ಪೈಪು ಕೊಂಡ್ರ ನಿನಗ ಕಮಿಷನ್ ಬರತೈತಿ. ಅದು ತಪ್ಪತೈತಂತ ಈ ಸಂಕಟ," ಎಂದ.

ಶಾಮೀದಸಾಬ ಎದ್ದು ನಿಂತ. ಏಳು ವರ್ಷಗಳಲ್ಲಿ ಒಂದು ಅಂಗಡಿಯಿಂದಲೂ ಅವನು ಚಹಾದ ಹೊರತು ಏನನ್ನೂ ಮುಟ್ಟಿದವನಲ್ಲ. ಚೀಲಕ್ಕೆ ಹತಾರಗಳನ್ನು ತುಂಬಿಕೊಂಡ. ಅರ್ಧ ಕೂಡಿಸಿದ್ದ ಟಾಕಿಯ ಕೆಲಸವನ್ನು ಅಲ್ಲಿಯೇ ಬಿಟ್ಟು, ಬಿಸಿಲಿನಲ್ಲಿ ರಸ್ತೆಯವರೆಗೆ ನಡೆದು, ಬಂದ ಬಸ್ಸು ಹತ್ತಿದ. ಹಿಂದಿನಿಂದ ದೊಡ್ಡಬಸಪ್ಪ, "ಹೋಗಲಿ ಬಿಡ್ರಿ, ಸಿಂಧನೂರಾಗ ಮಿಸ್ತ್ರಿಗಳಿಗೆ ಬರಗಾಲ ಐತೇನು," ಎಂದದ್ದು ಅವನಿಗೆ ಕೇಳಿಸಿತು.

ಬರಗಾಲವಿರಲಿಲ್ಲ. ನಾಲ್ಕು ತಿಂಗಳ ನಂತರ ಸಿಂಧನೂರಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ಗೋಪಣ್ಣ ಎಂಬ ನಳದ ಮಿಸ್ತ್ರಿ ಎದುರಿಗೆ ಕುಳಿತು ಮಿರ್ಚಿ ತಿನ್ನುತ್ತ ಹೇಳಿದ:

"ಶಾಮೀದಣ್ಣ, ನೀ ಬಿಟ್ಟು ಬಂದ ಮನಿ ನಾ ಮುಗಿಸಿದೆ. ಏನು ಪೈಪು ಅಂತಿ. ಬೆಣ್ಣಿ ಹಂಗ ಬಾಗತೈತಿ. ಟಾಕಿಯಿಂದ ಒಲಿ ತನಕ ಒಂದು ಎಲ್ಬೋ ಬೇಕಾಗಲಿಲ್ಲ."

"ಸೀಸ ಅಂತ ಗೊತ್ತಾಗಲಿಲ್ಲನಲೇ ನಿನಗ?"

"ಗೊತ್ತಾದ್ರ ಏನು ಮಾಡ್ಲಿ? ಮಾಲು ಅವರದು, ಮನಿ ಅವರದು. ಹಾಕಂದ್ರು, ಹಾಕಿದೆ."

"ಹೊಟ್ಟಿ ಯಾರ್ದಲೇ?" ಎಂದು ಶಾಮೀದಸಾಬ ಚಹಾದ ಬಸಿಯನ್ನು ಮೇಜಿಗೆ ಕುಕ್ಕಿದ. ಗೋಪಣ್ಣ ಮಿರ್ಚಿಯ ತಟ್ಟೆಯನ್ನು ಎತ್ತಿಕೊಂಡು ಬೇರೆ ಮೇಜಿಗೆ ಹೋದ. ಶಾಮೀದಸಾಬನೂ ಎದ್ದು ತನ್ನ ಬಸ್ಸಿಗೆ ಹೋದ. ಹೇಳಬೇಕಾದದ್ದನ್ನು ಯಜಮಾನನಿಗೆ ಹೇಳಿಯಾಗಿದೆ, ಇನ್ನು ಅವರ ಹಣೆಬರಹ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಆ ಸಮಾಧಾನ ಒಂದು ವರ್ಷ ಬಾಳಿತು.

ಅವನ ಹೆಂಡತಿ ಜುಬೇದಾಬೀ ಬಳೆಯ ಬುಟ್ಟಿ ಹೊತ್ತು ಕಾಲುವೆ ಕಡೆಯ ಊರುಗಳಿಗೆ ಹೋಗುತ್ತಿದ್ದವಳು. ಶ್ರಾವಣ ಹತ್ತಿರವಾದಾಗ ಜವಳಗೇರಾದ ಹೆಣ್ಣುಮಕ್ಕಳು ಅವಳ ದಾರಿ ಕಾಯುತ್ತಿದ್ದರು. ಒಂದು ಸಂಜೆ ಮನೆಗೆ ಬಂದು ಬುಟ್ಟಿ ಇಳಿಸುತ್ತಲೇ ಅವಳು ಹೇಳಿದಳು:

"ದೊಡ್ಡಬಸಪ್ಪನವರ ಸೊಸಿ ಬಸವಣ್ಣೆಮ್ಮನ ಕೈ ನೋಡಬೇಕಿತ್ರಿ ನೀವು. ಹೋದ ಶ್ರಾವಣದಾಗ ಎರಡು-ಆರರ ಅಳತಿ ಬಳಿ ಒತ್ತಿ ಹಾಕಿದ್ದೆ. ಈ ಸಲ ಅದಕ್ಕಿಂತ ಸಣ್ಣ ಎರಡು-ನಾಕರದು ಹಾಕಿದ್ರ ಮೊಣಕೈ ತನಕ ಜಾರತೈತಿ. ಕೂಸು ಎರಡು ವರ್ಷದ್ದು, ಹೊಟ್ಟಿ ಹಿಡ್ಕೊಂಡು ಒಂದೇ ಸವನ ಅಳತೈತಿ. ನಾಕು ದಿನಕ್ಕೊಮ್ಮೆ ಹೊರಕಡಿ ಆದ್ರ ಪುಣ್ಯ ಅಂತ. ದೃಷ್ಟಿ ತಗದ್ರು, ತಾಯತ ಕಟ್ಟಿದ್ರು."

ಶಾಮೀದಸಾಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ದೊಡ್ಡಬಸಪ್ಪನ ತಾಯಿ, ಆ ಮುದುಕಿ ಹೆಂಗದಾಳ?"

"ವೀರಭದ್ರಮ್ಮನೋರು? ಕಲ್ಲುಗುಂಡು ಇದ್ದಂಗ ಅದಾರ. ಬೆಳಗಿನ ಜಾವ ತಾವೇ ಬಾವಿ ನೀರು ಸೇದತಾರ. ನಳದ ನೀರು ಮುಟ್ಟಂಗಿಲ್ಲ. ನಳದಾಗ ತೊಗಲಿನ ವಾಷರ್ ಇರತೈತಿ, ಲಿಂಗಪೂಜಿಗೆ ನಡಿಯಂಗಿಲ್ಲ, ಕುಡಿಯಾಕೂ ನಡಿಯಂಗಿಲ್ಲ ಅಂತಾರ." ಜುಬೇದಾಬೀ ನಕ್ಕಳು. "ಅವರ ಮಗ ಮೊಮ್ಮಗ ಇಬ್ಬರೂ ಹಗಲೆಲ್ಲ ಹೊಲ, ಗಿರಣಿ ಅಂತ ಹೊರಗೇ ಇರ್ತಾರ, ನೀರೂ ಅಲ್ಲೇ ಕುಡೀತಾರ. ಇನ್ನೊಂದು ಮಾತು. ಬಸವಣ್ಣೆಮ್ಮ ನಮ್ಮವರಂಗ ಹಲ್ಲಿಗೆ ಕರೇ ಮಿಸ್ಸಿ ಹಚ್ಚಾಕ ಸುರು ಮಾಡ್ಯಾಳ ಅಂದ್ಕೊಂಡೆ. ವಸಡಿಗೆ ಕಾಡಿಗಿ ಎಳದಂಗ ಗೆರಿ ಐತಿ. ಕೇಳಿದ್ರ ಇಲ್ಲವ್ವಾ ಅಂದಳು. ಅವರ ಮನ್ಯಾಗ ಮಿಸ್ಸಿ ಯಾರು ಹಚ್ಕೋತಾರ ಹೇಳ್ರಿ."

ಅವರ ಮನೆಯಲ್ಲಿ ಉರ್ದು, ಕನ್ನಡ ಎರಡೂ ನಡೆಯುತ್ತಿದ್ದವು; ಬೈಗುಳ ಮಾತ್ರ ಶಾಮೀದಸಾಬನಿಗೆ ಕನ್ನಡದಲ್ಲಿಯೇ ಬರುತ್ತಿತ್ತು. ಅಂದು ಅವನು ತಾಟನ್ನು ಸರಿಸಿ, ಅಂಗಳದಲ್ಲಿ ನಿಂತು, ದೊಡ್ಡಬಸಪ್ಪನನ್ನೂ ಗೋಪಣ್ಣನನ್ನೂ ಬೈದ. ಕೊನೆಗೆ ತನ್ನನ್ನೇ ಬೈದುಕೊಂಡ. ಕಮಿಷನ್ ಎಂಬ ಒಂದು ಮಾತಿಗೆ ಮುನಿದು ಚೀಲ ಎತ್ತಿಕೊಂಡು ಬಂದವನು, ಹತ್ತು ಹೆಜ್ಜೆ ಆಚೆಯ ಹಳೆಯ ಮನೆಗೆ ಹೋಗಿ ಒಲೆಯ ಮುಂದೆ ಇದ್ದ ಸೊಸೆಗೆ, "ತಾಯಿ, ಈ ನೀರು ಕುಡೀಬ್ಯಾಡ," ಎಂದು ಹೇಳಲಿಲ್ಲ. ನೀರು ಕುಡಿಯುವವಳು ಅವಳು. ಅವನು ಹೇಳಿ ಬಂದದ್ದು ಕುಡಿಯದವನಿಗೆ.

"ನಿಮ್ಮ ಸಿಟ್ಟು ಯಾವಾಗಲೂ ಹಿಂಗ," ಎಂದಳು ಜುಬೇದಾಬೀ ಮೆಲ್ಲಗೆ. "ಬೈಯೂದು ಬೈತೀರಿ, ಆಮ್ಯಾಲ ಎದ್ದು ಬಂದುಬಿಡ್ತೀರಿ."

ಮರುದಿನ ಮೊದಲ ಬಸ್ಸಿಗೇ ಅವನು ಜವಳಗೇರಾಕ್ಕೆ ಹೋದ. ದೊಡ್ಡಬಸಪ್ಪ ಪಡಸಾಲೆಯಲ್ಲಿ ಕುಳಿತು ಗಡ್ಡ ಹೆರೆದುಕೊಳ್ಳುತ್ತಿದ್ದ. ಕನ್ನಡಿಯಲ್ಲಿಯೇ ನೋಡಿ, "ಏನಲೇ, ಕೆಲಸ ಮುಗದು ವರ್ಷ ಆತು, ಈಗ ಬಂದಿ?" ಎಂದ.

"ಕೆಲಸ ಮುಗದಿಲ್ರಿ," ಎಂದು ಶಾಮೀದಸಾಬ ನಿಲ್ಲದೆ ಹಿತ್ತಲಿಗೆ ನಡೆದ. ಟಾಕಿಯಿಂದ ಇಳಿದು ಅಡುಗೆಮನೆಯ ಗೋಡೆಯನ್ನು ಹೊಕ್ಕಿದ್ದ ಪೈಪು ಎದೆಯ ಮಟ್ಟದಲ್ಲಿತ್ತು. ಅದಕ್ಕೆ ಸುಣ್ಣ ಬಳಿದಿದ್ದರು. ಜೇಬಿನಿಂದ ನಾಲ್ಕಾಣೆ ತೆಗೆದು ಸುಣ್ಣವನ್ನೂ ಅದರ ಕೆಳಗಿನ ಬೂದಿಬಣ್ಣವನ್ನೂ ಗೇಣುದ್ದ ಕೆರೆದ. ಆಮೇಲೆ ಬಾವಿಕಟ್ಟೆಯ ಹತ್ತಿರ ಕೊಡ ಇಳಿಸುತ್ತಿದ್ದ ವೀರಭದ್ರಮ್ಮನನ್ನು ಕೂಗಿದ. ದೊಡ್ಡಬಸಪ್ಪನ ತಾಯಿಯಾದ ಆಕೆಗೆ ಎಪ್ಪತ್ತು ದಾಟಿತ್ತು. ಮೈಮೇಲೆ ಬಿಳಿಯ ಸೀರೆ, ಹಣೆಯ ತುಂಬ ವಿಭೂತಿ.

"ದೊಡ್ಡವ್ವಾರ, ನಾ ಕಲಾಯಿ ಶಾವಲಿ ಮಗ. ಈ ಕಡಿ ಒಂದೀಟು ಬರ್ರಿ."

ಅಷ್ಟರಲ್ಲಿ ಅರ್ಧ ಮುಖಕ್ಕೆ ಸಾಬೂನಿನ ನೊರೆ ಹೊತ್ತು ದೊಡ್ಡಬಸಪ್ಪ ಹಿತ್ತಲಿಗೆ ಬಂದಿದ್ದ. "ಯಾರನ್ನ ಕೇಳಿ ಒಳಗ ಬಂದಿ? ಪೈಪಿಗೆ ಕೈ ಹಚ್ಚಿದ್ರ ಕೈ ಮುರೀತೀನಿ."

"ಮುರೀರಿ. ಮೊದಲ ನನ್ನ ಮಾತು ಕೇಳ್ರಿ. ನಿಮ್ಮ ಸೊಸಿ, ನಿಮ್ಮ ಮೊಮ್ಮಗಳು ಈ ಪೈಪಿನ ನೀರು ಕುಡೀತಾರ, ಸೊರಗ್ಯಾರ. ದೊಡ್ಡವ್ವಾರು ಕುಡ್ಯಂಗಿಲ್ಲ, ಗಟ್ಟಿ ಅದಾರ. ಒಂದೇ ಮನಿ, ಒಂದೇ ಒಲಿ. ಇನ್ನೇನು ಸಾಕ್ಷಿ ಬೇಕ್ರಿ ನಿಮಗ?"

"ಬಸುರಿ ಬಾಣಂತಿ ಸೊರಗೂದೇನು ಹೊಸದನು? ದೊರಿಗಳು ನೂರು ವರ್ಷ ಕುಡದ ಪೈಪು ಅದು."

ವೀರಭದ್ರಮ್ಮ ಕೊಡವನ್ನು ಕಟ್ಟೆಯ ಮೇಲಿಟ್ಟಳು. ಪೈಪಿನ ಹತ್ತಿರ ಬಂದು, ಹೊಳೆಯುತ್ತಿದ್ದ ಭಾಗವನ್ನು ಬಗ್ಗಿ ನೋಡಿದಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ, ಬಾಯಲ್ಲಿ ಒದ್ದೆ ಮಾಡಿ, ಅದರ ಮೇಲೆ ಜೋರಾಗಿ ಮೂರು ಸಲ ತಿಕ್ಕಿದಳು. ಸೆರಗನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಬಿಳಿಯ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗೀಚಿದಂತೆ ಕಪ್ಪು ಮೂಡಿತ್ತು.

ಕಲಾಯಿ ಪಾತ್ರೆಗಳ ಕಾಲದಲ್ಲಿ ಬಾಳ್ವೆ ಮಾಡಿದ ಹೆಂಗಸಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿರಲಿಲ್ಲ. ಕಲಾಯಿಯವನು ಪಾತ್ರೆ ಹಿಂದಿರುಗಿಸಿದಾಗ ಒಳಮೈಯನ್ನು ಬಿಳಿಯ ಅರಿವೆಯಿಂದ ಒರೆಸಿ ನೋಡುವುದು ಆಗ ಪ್ರತಿ ಮನೆಯ ರೂಢಿ. ಅರಿವೆ ಕಪ್ಪಾದರೆ ಸೀಸ ಬೆರೆತಿದೆ ಎಂದೇ ಅರ್ಥ. ಪಾತ್ರೆಯನ್ನು ಅವನ ಒಲೆಯ ಮುಂದೆ ಬೋರಲು ಹಾಕಿ ಬರುತ್ತಿದ್ದರು.

"ಶಾವಲಿ ಹಾಕಿದ ಕಲಾಯಿ ಒರಿಸಿದ್ರ ನನ್ನ ಅರಿವಿ ಒಂದು ದಿನ ಕರ್ರಗಾಗಿಲ್ಲ," ಎಂದಳು ಆಕೆ. ಸೆರಗನ್ನು ಮಗನ ನೊರೆ ಮುಖದ ಮುಂದೆ ಹಿಡಿದಳು. "ಪಾತ್ರಿಗೆ ಸೀಸ ಹಾಕಿದ್ರ ಬೀದಿಗೆ ಒಗೀತಿದ್ವಿ. ನೀ ಮನಿಗೇ ಹಾಕಿಯಲ್ಲೋ ಬಸಪ್ಪ."

"ಯವ್ವಾ, ನಿನಗ ತಿಳಿಯಂಗಿಲ್ಲ. ದೊರಿಗಳು..."

"ಎಲ್ಲೆದಾರ ನಿನ್ನ ದೊರಿಗಳು? ಲಿಂಗಸುಗೂರಾಗ ಅವರ ಗೋರಿ ಸಾಲಿಗೆ ಸಾಲು ಅದಾವ. ಹೋಗಿ ಕೇಳ್ಕೊಂಡು ಬಾ."

ಅಡುಗೆಮನೆಯ ಬಾಗಿಲ ಮರೆಯಲ್ಲಿ ಬಸವಣ್ಣೆಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಶಾಮೀದಸಾಬ ಈ ಸಲ ಅವಳ ಕಡೆಗೇ ತಿರುಗಿ ಹೇಳಿದ: "ತಾಯಿ, ಕೊಡದಾಗಿನ ನೀರು ಚೆಲ್ರಿ. ಕೂಸಿನ ಹಾಲಿಗೂ ಈ ನೀರು ಹಾಕಬ್ಯಾಡ್ರಿ. ರಾಯಚೂರಿನ ದವಾಖಾನಿಗೆ ಹೋಗ್ರಿ, ಸೀಸದ ಪೈಪಿನ ನೀರು ಕುಡದೀವಿ ಅಂತ ಬಾಯಿ ಬಿಟ್ಟು ಹೇಳ್ರಿ. ಹೇಳದಿದ್ರ ಡಾಕ್ಟರಿಗೂ ತಿಳಿಯಂಗಿಲ್ಲ."

ಅವಳು ಮಾವನ ಎದುರಿಗೆ ಮಾತನಾಡಿದವಳಲ್ಲ. ಒಳಗೆ ಹೋಗಿ ಎರಡು ಕೊಡಗಳನ್ನು ಒಂದರ ಹಿಂದೆ ಒಂದು ತಂದು, ಮಾವ ನಿಂತಿದ್ದ ಕಲ್ಲಿನ ಮೇಲೆಯೇ ಬೋರಲು ಹಾಕಿದಳು. ದೊಡ್ಡಬಸಪ್ಪ ಪಾದ ತೋಯಿಸಿಕೊಂಡು ಹಿಂದೆ ಸರಿದ.

ರಾಯಚೂರಿನ ಡಾಕ್ಟರು ವಸಡಿನ ಗೆರೆಯನ್ನು ನೋಡಿ, ರಕ್ತವನ್ನು ಹೈದರಾಬಾದಿಗೆ ಕಳುಹಿಸಿ, ತಿಂಗಳುಗಟ್ಟಲೆ ಔಷಧ ಕೊಟ್ಟರು. ಬಸವಣ್ಣೆಮ್ಮ ಬೇಗ ಚೇತರಿಸಿಕೊಂಡಳು. ಮಗು ನಿಧಾನವಾಗಿ ಚೇತರಿಸಿಕೊಂಡಿತು. ಅದು ನಾಲ್ಕು ಮಾತು ಕೂಡಿಸಿ ಆಡುವುದಕ್ಕೆ ಓರಗೆಯ ಮಕ್ಕಳಿಗಿಂತ ಎರಡು ವರ್ಷ ಹೆಚ್ಚು ಹಿಡಿಯಿತು. ಆ ಎರಡು ವರ್ಷಗಳಿಗಾಗಿ ಶಾಮೀದಸಾಬ ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ ಪೈಪಿನ ವಿಷಯವನ್ನು ಅವನು ಯಜಮಾನನಿಗೆ ಹೇಳಿ ಸುಮ್ಮನಾಗುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಗಸರಿಗೆ ಬೆರಳು ತೋರಿಸಿ ಹೇಳಿದ ಮೇಲೆಯೇ ಚೀಲ ಬಿಚ್ಚುತ್ತಿದ್ದ.

ಆದರೆ ಆ ಮುಂಜಾನೆಯ ಕೆಲಸ ಇನ್ನೂ ಉಳಿದಿತ್ತು. ವೀರಭದ್ರಮ್ಮನ ಅಪ್ಪಣೆಯಂತೆ ಅವನು ಸಂಜೆಯೊಳಗೆ ಟಾಕಿಯಿಂದ ಒಲೆಯವರೆಗಿನ ಪೈಪನ್ನೆಲ್ಲ ಗೋಡೆಯಿಂದ ಕಿತ್ತು ಅಂಗಳದಲ್ಲಿ ರಾಶಿ ಹಾಕಿದ. ಮರುದಿನ ಸಿಂಧನೂರಿನಿಂದ ನೀಲಿ ಪಟ್ಟಿಯ ಪೈಪು ತಂದು, ಪ್ರತಿಯೊಂದರ ಬಾಯಿಗೂ ಬೆರಳು ಹಾಕಿ ನೋಡಿ ಕೂಡಿಸಿದ. ಕೈ ತೊಳೆದುಕೊಳ್ಳುತ್ತಿದ್ದಾಗ ದೊಡ್ಡಬಸಪ್ಪ ಆಳೊಬ್ಬನಿಗೆ ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು.

"ಆ ಹಳೇ ಪೈಪು ಬಂಡಿಗೆ ಹೇರು. ನಮ್ಮ ಬೀಗರು ಮನಿ ಕಟ್ಟಾಕತ್ತಾರ, ಅವರಿಗೆ ಮುಟ್ಟಿಸು. ದಂಡಿನ ಬಂಗಲೆ ಮಾಲು ಅಂತ ಹೇಳು."

ಈ ಸಲ ಶಾಮೀದಸಾಬ ಎದ್ದು ಹೋಗಲಿಲ್ಲ. ಬೈಯಲೂ ಇಲ್ಲ. ಚೀಲದಿಂದ ದೊಡ್ಡ ಸುತ್ತಿಗೆಯನ್ನು ತೆಗೆದುಕೊಂಡು ಅಂಗಳಕ್ಕೆ ಇಳಿದ. ಮೊದಲನೆಯ ಪೈಪನ್ನು ಚಪ್ಪಡಿಯ ಮೇಲೆ ಎಳೆದು ಇಟ್ಟು ತುದಿಯಿಂದ ಬಡಿಯತೊಡಗಿದ. ಸೀಸ ಸದ್ದಿಲ್ಲದೆ ಚಪ್ಪಟೆಯಾಯಿತು. ಒಂದೊಂದು ಏಟಿಗೂ ಗೇಣುಗೇಣು ಮುಂದೆ ಸರಿಯುತ್ತ, ಬೆವರು ಒರೆಸಿಕೊಳ್ಳದೆ, ಒಂದಾದ ಮೇಲೆ ಒಂದನ್ನು ಬಡಿದ.

"ಲೇ ಲೇ, ಏನು ಮಾಡಾಕತ್ತಿ? ಹಿಂಗಾದ್ರ ಅದು ಯಾರಿಗೆ ಬೇಕಾಗತೈತಿ?"

"ತೂಕಕ್ಕ ಹಾಕಿದ್ರ ಈಗೂ ಹೋಗತೈತ್ರಿ ಯಜಮಾನ್ರ," ಎಂದ ಶಾಮೀದಸಾಬ ತಲೆ ಎತ್ತದೆ. "ನೀರು ಮಾತ್ರ ಇದರಾಗ ಹೋಗಂಗಿಲ್ಲ."

ದೊಡ್ಡಬಸಪ್ಪ ತಾಯಿಯ ಕಡೆ ನೋಡಿದ. ಆಕೆ ಕಟ್ಟೆಯ ಮೇಲೆ ಕುಳಿತು ಮೊಮ್ಮಗನ ಮಗಳಿಗೆ ಬಾವಿಯ ನೀರನ್ನು ಒಳಲೆಯಲ್ಲಿ ಕುಡಿಸುತ್ತಿದ್ದಳು. ಅವನು ಕೆರ ಮೆಟ್ಟಿಕೊಂಡು ಹೊಲದ ದಾರಿ ಹಿಡಿದ. ಬಂಡಿಯ ಆಳು ಎತ್ತುಗಳನ್ನು ಬಿಚ್ಚಿದ.

ಹೊತ್ತು ಇಳಿಯುವ ವೇಳೆಗೆ ಎಲ್ಲ ಪೈಪುಗಳೂ ಹಲಗೆಯ ಹಾಗೆ ಮಲಗಿದ್ದವು. ಶಾಮೀದಸಾಬ ಸೊಂಟ ಹಿಡಿದುಕೊಂಡು ಎದ್ದು, ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ.

"ಸಾಬ," ಎಂದು ವೀರಭದ್ರಮ್ಮ ಕುಳಿತಲ್ಲಿಂದಲೇ ಬೆರಳು ಮಾಡಿದಳು. "ಆ ಕಟ್ಟಕಡೀ ತುದಿ ಇನ್ನೂ ದುಂಡಗೈತಿ."

ಅವನು ಸುತ್ತಿಗೆಯನ್ನು ಮತ್ತೆ ಹೊರಗೆ ತೆಗೆದ.